ಎದುರಂಗಡಿಯ ಕತ್ತಿ

ನಮ್ಮ ತೊಲೆದೊ ಊರಲ್ಲಿ ಕತ್ತಿ ಮಾರುವವರು ಬೇಕಾದಷ್ಟಿದ್ದಾರೆ. ಕೊಳ್ಳುವವರು ಮಾತ್ರ ಹೊರಗಿನವರು. ಬೆಳಗಿನ ರೈಲಿಗೆ ಮದ್ರೀದಿನಿಂದ ಬರುತ್ತಾರೆ, ಏರುಬೀದಿ ಹತ್ತಿ ಏದುಸಿರು ಬಿಡುತ್ತಾರೆ, ಸಂಜೆ ಹೋಗುವಾಗ ಒಂದು ಪೆಟ್ಟಿಗೆ ಬಾದಾಮಿ ಮಿಠಾಯಿಯನ್ನೂ ಒಂದು ಕತ್ತಿಯನ್ನೂ ಹೊತ್ತುಕೊಂಡು ಹೋಗುತ್ತಾರೆ. ಊರಿನವನೊಬ್ಬ ತನ್ನ ಮನೆಗೆಂದು ಕತ್ತಿ ಕೊಂಡದ್ದನ್ನು ನನ್ನ ಅರವತ್ತೆಂಟು ವರ್ಷದಲ್ಲಿ ನಾನು ಒಂದೇ ಸಲ ಕಂಡಿದ್ದೇನೆ. ಕೊಂಡವನು ನನ್ನ ಗೆಳೆಯ ಹಿಲಾರಿಯೊ. ಅವನ ಹೆಂಡತಿಗೆ ಸ್ವಂತ ಕತ್ತಿಯಂಗಡಿ ಇದೆ. ಅವನು ಕೊಂಡದ್ದು ಎದುರಂಗಡಿಯಲ್ಲಿ.

ನನ್ನ ಹೆಸರು ಫೆರ್ಮಿನ್. ಅದೇ ಬೀದಿಯ ಕೆಳತುದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದೇನೆ. ಹಿಲಾರಿಯೊ ಮೂವತ್ತಾರು ವರ್ಷ ಅಂಚೆಯವನಾಗಿದ್ದು ನಿವೃತ್ತನಾದವನು. ರಿಜಿಸ್ಟರ್ ಕಾಗದ ತಂದಾಗ ಬಾಗಿಲು ತಟ್ಟಿ, ತೊಂದರೆ ಕೊಟ್ಟೆನೇನೋ ಎಂದು ಕೇಳಿಕೊಂಡೇ ರುಜು ಹಾಕಿಸಿಕೊಳ್ಳುತ್ತಿದ್ದ. ಹೆಂಡತಿ ರೆಮೆದಿಯೋಸ್, ನಮಗೆಲ್ಲ ರೆಮೆ, ಬೇರೆ ಮಣ್ಣಿನಲ್ಲಿ ಮಾಡಿದವಳು. ಅಪ್ಪನಿಂದ ಬಂದ ಅಂಗಡಿಯ ಬಾಗಿಲಲ್ಲಿ ನಿಂತು, ಬೀದಿಯಲ್ಲಿ ಬರುವವರ ಚಪ್ಪಲಿ ನೋಡಿಯೇ ಇವನು ಉದ್ದ ಕತ್ತಿಯವನು, ಇವನು ಕಾಗದ ಸೀಳುವ ಪುಟ್ಟ ಕತ್ತಿಯವನು, ಇವನು ಬರೀ ಫೋಟೊದವನು ಎಂದು ವಿಂಗಡಿಸಬಲ್ಲಳು.

ಎದುರಂಗಡಿ ಕಾಸ್ತೊನದು. ನಡುವಿನ ಬೀದಿ ಎಷ್ಟು ಇಕ್ಕಟ್ಟೆಂದರೆ ಇವಳು ಸೀನಿದರೆ ಅವನ ಗಲ್ಲಾಪೆಟ್ಟಿಗೆಯ ರಸೀದಿ ಹಾರುತ್ತದೆ. ಆದರೂ ಹತ್ತೊಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕಾಸ್ತೊ ತನ್ನ ಬಾಗಿಲಲ್ಲಿ ನಿಲ್ಲಿಸಿದ್ದ ಉಕ್ಕಿನ ಕವಚದ ಮೊಣಕೈ ತನ್ನ ಗಿರಾಕಿಗಳನ್ನು ಅಡ್ಡಗಟ್ಟುತ್ತದೆ ಎಂದು ರೆಮೆ ನಗರಸಭೆಗೆ ಬರೆದಳು. ಇಬ್ಬರು ಅಧಿಕಾರಿಗಳು ಟೇಪು ಹಿಡಿದು ಬಂದು ಅಳೆದರು. ಮೊಣಕೈ ನಾಲ್ಕು ಬೆರಳಿನಷ್ಟು ಬೀದಿಗೆ ಬಂದಿತ್ತು. ಕಾಸ್ತೊ ಕವಚವನ್ನು ತಿರುಗಿಸಿ ನಿಲ್ಲಿಸಿದ. ಅಂದಿನಿಂದ ಆ ಯೋಧ ರೆಮೆಯ ಅಂಗಡಿಗೆ ಬೆನ್ನು ಕೊಟ್ಟು ನಿಂತಿದ್ದಾನೆ.

"ಬೆನ್ನಲ್ಲ ಕಣೋ ಅದು," ಎನ್ನುತ್ತಾಳೆ ರೆಮೆ. "ಬೆನ್ನಿಗಿಂತ ಕೆಳಗಿಂದು. ಬೇಕು ಅಂತಲೇ ತೋರಿಸ್ತಾ ಇದಾನೆ."

ಸಂಜೆ ನಾನೂ ಹಿಲಾರಿಯೊನೂ ಮೂಲೆಯ ಹೋಟೆಲಿನಲ್ಲಿ ಜೋಡಿಯಾಗಿ ಮುಸ್ ಆಡುತ್ತೇವೆ. ಈ ಇಸ್ಪೀಟಾಟದಲ್ಲಿ ಜೋಡಿಗೆ ಮುಖದಲ್ಲೇ ಸನ್ನೆ ಮಾಡಬಹುದು. ಎದುರಾಳಿಯ ಕಣ್ಣಿಗೆ ಬೀಳಬಾರದು, ಅಷ್ಟೇ. ಕೆಳತುಟಿ ಕಚ್ಚಿದರೆ ಎರಡು ರಾಜ. ಹುಬ್ಬೆತ್ತಿದರೆ ಒಳ್ಳೆಯ ಜೋಡಿಗಳಿವೆ, ನುಗ್ಗು ಎಂದರ್ಥ. ಕಣ್ಣು ಮುಚ್ಚಿದರೆ ಕೈ ಖಾಲಿ. ಕಳೆದ ಮಾರ್ಚಿನಲ್ಲಿ ಒಂದು ಸಂಜೆ ನಾನು ತುಟಿ ಹರಿಯುವಷ್ಟು ಕಚ್ಚಿದರೂ ಹಿಲಾರಿಯೊ ನನ್ನ ಕಡೆ ನೋಡಲಿಲ್ಲ. ಸೋತೆವು. ಹೊರಗೆ ಬಂದು ಅವನನ್ನು ಹಿಡಿದುಕೊಂಡೆ.

"ಏನಾಗಿದೆಯೋ ನಿಂಗೆ?"

"ಫೆರ್ಮಿನ್, ಕಾಸ್ತೊ ಅಂಗಡೀಲಿ ಒಂದು ಕತ್ತಿ ಇದೆ."

"ಕಾಸ್ತೊ ಅಂಗಡೀಲಿ ನಾನೂರು ಕತ್ತಿ ಇದಾವೆ."

"ಅವಲ್ಲ. ಕಿಟಕಿ ಮೂಲೇಲಿ ಒಂದಿದೆ, ಯಾರೂ ನೋಡಲ್ಲ ಅದನ್ನ. ಚಿನ್ನದ ಕೆತ್ತನೆ ಇಲ್ಲ, ಸಿಂಹದ ಮುಖ ಇಲ್ಲ, ಕೆಂಪು ಗಾಜು ಇಲ್ಲ. ಹಳೇ ಕಾಲದ ಯಾವನೋ ಸಾಮಾನ್ಯ ಸವಾರನದ್ದು, ಅದನ್ನ ನೋಡ್ಕೊಂಡು ಹಾಗೇ ಮಾಡಿರೋದು. ಹಿಡಿ, ಅಡ್ಡಪಟ್ಟಿ, ಅಲಗು. ಅಷ್ಟೇ. ಹನ್ನೊಂದು ದಿನದಿಂದ ದಿನಾ ಹೋಗಿ ನೋಡ್ತಾ ಇದೀನಿ."

"ಲೇ, ನಿನ್ನ ಮನೇದೇ ಕತ್ತಿ ಅಂಗಡಿ ಇದೆಯಲ್ಲೋ!"

"ಅದೆಲ್ಲ ಸರಕು. ಪೆಟ್ಟಿಗೇಲಿ ಬರುತ್ತೆ, ಪೆಟ್ಟಿಗೇಲಿ ಹೋಗುತ್ತೆ. ಮದುವೆ ಆದ ಹೊಸದರಲ್ಲಿ ಕೇಳಿದ್ದೆ, ಒಂದನ್ನ ಮನೇಲಿ ಹಾಕ್ಕೊಳ್ಳೋಣವಾ ಅಂತ. ಮೀನು ಮಾರೋನು ಮನೇ ಗೋಡೆಗೆ ಮೀನು ನೇತು ಹಾಕ್ತಾನಾ ಅಂದ್ಲು. ಆಮೇಲೆ ಕೇಳಲಿಲ್ಲ."

"ಸರಿ, ಕೊಂಡ್ಕೊಂಡು ಏನ್ಮಾಡ್ತೀಯ?"

"ಇಟ್ಕೋತೀನಿ."

"ಇಟ್ಕೊಂಡು?"

"ಆಗಾಗ ನೋಡ್ತೀನಿ."

ಮರುದಿನ ಇಬ್ಬರೂ ಹಿತ್ತಿಲ ಓಣಿಯಿಂದ ಕಾಸ್ತೊನ ಹಿಂಬಾಗಿಲು ತಟ್ಟಿದೆವು.

ಕಾಸ್ತೊ ಬಾಗಿಲು ಅರ್ಧ ತೆರೆದು ಹಿಲಾರಿಯೊನನ್ನು ಮೇಲಿನಿಂದ ಕೆಳಗೆ ನೋಡಿದ. "ಏನು, ಆಯಮ್ಮ ಕಳಿಸಿದಾಳಾ? ಈ ಸಲ ಏನು ಅಳೀಬೇಕಂತೆ?"

"ಇಲ್ಲ ಇಲ್ಲ. ಕತ್ತಿ ಕೊಳ್ಳೋಣ ಅಂತ ಬಂದೆ."

ಕಾಸ್ತೊ ಅಲ್ಲೇ ಇದ್ದ ಖಾಲಿ ಪೆಟ್ಟಿಗೆಯ ಮೇಲೆ ಕುಳಿತ. "ಇನ್ನೊಂದ್ಸಲ ಹೇಳು."

"ಕತ್ತಿ ಕೊಳ್ಳೋಣ ಅಂತ."

"ಯಾರ ಅಂಗಡೀಲಿ?"

"ನಿಮ್ಮ ಅಂಗಡೀಲಿ."

"ಹಾಂ," ಎಂದು ಕಾಸ್ತೊ ಕಣ್ಣು ಮುಚ್ಚಿಕೊಂಡ. ಬಿಸಿಲಿಗೆ ಮೈ ಒಡ್ಡಿದ ಬೆಕ್ಕಿನ ಹಾಗೆ ಕಾಣುತ್ತಿದ್ದ.

ಬೆಲೆ ಆರುನೂರ ನಲವತ್ತು ಯೂರೊ ಎಂದ. ನಾನು ಹಿಲಾರಿಯೊನ ಕಾಲು ತುಳಿದೆ. ಅವನು ನನ್ನತ್ತ ತಿರುಗಿ "ಕ್ಷಮಿಸು" ಎಂದು ಕಾಲು ಸರಿಸಿಕೊಂಡು, ಜೇಬಿನಿಂದ ಲಕೋಟೆ ತೆಗೆದು ಪೂರ್ತಿ ಕೊಟ್ಟುಬಿಟ್ಟ. ಕಾಸ್ತೊ ಕತ್ತಿಯನ್ನು ದಪ್ಪ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಕೊಡುವ ಮೊದಲು ಒಂದು ಷರತ್ತು ಹಾಕಿದ.

"ಹಿಂಬಾಗಿಲಿಂದ ಹೋಗೋಕೆ ಇದು ಕದ್ದ ಮಾಲಲ್ಲ. ನನ್ನ ಅಂಗಡಿ ಕತ್ತಿ ಮುಂಬಾಗಿಲಿಂದಲೇ ಹೊರಗೆ ಹೋಗೋದು."

"ಅಯ್ಯೋ, ಅವಳು ಅಲ್ಲೇ ಕೂತಿದಾಳಲ್ಲ!"

"ಕೂತಿರ್ಲಿ. ನಾನು ಯಾರಿಗೂ ಹೇಳಲ್ಲ, ನಮ್ಮಮ್ಮನಾಣೆ. ನೀನು ಆ ಬಾಗಿಲು ದಾಟೋದನ್ನ ಕಣ್ತುಂಬ ನೋಡ್ಕೋತೀನಿ, ಅಷ್ಟು ಸಾಕು ನಂಗೆ."

ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ನಾನೇ ಉಪಾಯ ಹುಡುಕಿದೆ. ಹಿಲಾರಿಯೊಗೆ ನನ್ನ ಹಳೆಯ ಮಳೆಕೋಟು ತೊಡಿಸಿದೆ. ನಾನು ಹೋಗಿ ರೆಮೆಯನ್ನು ಮಾತಿಗೆ ಹಿಡಿಯುವುದು, ಅವಳು ಅತ್ತ ತಿರುಗಿದ ಕೂಡಲೇ ಕಿಟಕಿಯಿಂದ ಹುಬ್ಬೆತ್ತುವುದು, ಅವನು ಹೊರಡುವುದು. ಕಣ್ಣು ಮುಚ್ಚಿದರೆ ಇದ್ದಲ್ಲೇ ನಿಲ್ಲಬೇಕು.

ರೆಮೆ ನನ್ನನ್ನು ನೋಡಿ ಆಶ್ಚರ್ಯಪಟ್ಟಳು. ಅವಳ ಅಂಗಡಿಯಲ್ಲಿ ನಾನು ಯಾವತ್ತೂ ಏನೂ ಕೊಂಡವನಲ್ಲ.

"ಸೋದರಳಿಯನಿಗೆ ಒಂದು ಕಾಗದ ಸೀಳೋ ಕತ್ತಿ ಬೇಕಿತ್ತು," ಎಂದೆ.

"ಯಾವನು, ವಲೆನ್ಸಿಯದಲ್ಲಿರೋ ಆ ಸೋಮಾರೀನಾ? ಅವನಿಗೆ ಕಾಗದ ಬರೆಯೋ ಪುಣ್ಯಾತ್ಮ ಯಾರು?"

"ಬ್ಯಾಂಕಿನವರು ಬರೀತಾರೆ."

ಅದನ್ನು ಒಪ್ಪಿಕೊಂಡು ಅವಳು ಕೆಳಗಿನ ಖಾನೆಯಿಂದ ತಟ್ಟೆ ತೆಗೆಯಲು ಬಗ್ಗಿದಳು. ನಾನು ಎರಡೂ ಹುಬ್ಬನ್ನು ಕೂದಲಿಗೆ ತಾಗುವಷ್ಟು ಎತ್ತಿದೆ. ಎದುರು ಬಾಗಿಲಿನಿಂದ ಹಿಲಾರಿಯೊ ಉದ್ದನೆಯ ಪೊಟ್ಟಣವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ಕಾಲಿಟ್ಟ. ಅದೇ ಹೊತ್ತಿಗೆ ಹಳದಿ ಕೊಡೆಯ ಗೈಡೊಬ್ಬಳ ಹಿಂದೆ ನಲವತ್ತು ಜನ ಜರ್ಮನರು ಬೀದಿ ತುಂಬಿಕೊಂಡರು. ಹಿಲಾರಿಯೊ ಅವರ ನಡುವೆ ಸಿಕ್ಕಿಕೊಂಡ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಮಗೆ ಕಾಣುತ್ತಿದ್ದದ್ದು ಅವನ ಬೆನ್ನು. ನಾನು ಕಣ್ಣು ಬಿಗಿಯಾಗಿ ಮುಚ್ಚಿದೆ. ಬೆನ್ನು ತಿರುಗಿಸಿದವನಿಗೆ ನನ್ನ ಕಣ್ಣು ಹೇಗೆ ಕಾಣಬೇಕು?

"ಕಣ್ಣಿಗೇನಾಯ್ತೋ?" ರೆಮೆ ತಟ್ಟೆ ಹಿಡಿದು ಎದ್ದು ನಿಂತಿದ್ದಳು. ಹಾಗೇ ಹೊರಗೆ ನೋಡಿದಳು. "ಓಹೋ, ಎದುರಿನವನು ಒಂದು ಉದ್ದದ್ದು ಮಾರಿದಾನೆ."

"ಈ ಎತ್ತಿನ ತಲೆ ಹಿಡೀದು ಎಷ್ಟು, ರೆಮೆ?"

"ಇರು. ಆ ಮಿಕ ಹಿಡ್ಕೊಂಡಿರೋ ರೀತಿ ನೋಡು! ಮಗೂನ ಜ್ಞಾನಸ್ನಾನಕ್ಕೆ ಎತ್ಕೊಂಡು ಹೋಗ್ತಾ ಇರೋ ಹಾಗಿದೆ. ಜನ್ಮದಲ್ಲಿ ಕತ್ತಿ ಮುಟ್ಟಿಲ್ಲ. ಮನೆಗೆ ಹೋಗಿ ಹೆಂಡ್ತಿ ಹತ್ರ ಬೈಸ್ಕೊಂಡು ಮಂಚದ ಕೆಳಗೆ ತಳ್ತಾನೆ."

"ಎಷ್ಟು ಅಂದೆ ಇದು?"

"ಫೆರ್ಮಿನ್, ಆ ಹಿಂದಲೆ ನೋಡು. ಕಿವಿ ಹಿಂದೆ ಮೆಟ್ಟಿಲು ಮೆಟ್ಟಿಲು. ಈ ಥರ ಕಟಿಂಗು ಇಡೀ ತೊಲೆದೊದಲ್ಲಿ ಒಬ್ಬನೇ ಮಾಡೋದು."

ಎದುರು ಬಾಗಿಲಲ್ಲಿ ಕಾಸ್ತೊ ಕೈಕಟ್ಟಿ ನಿಂತು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಕಡೆ ನೋಡಿ ನಗುತ್ತಿದ್ದ.

"ಹೌದು ಹೌದು, ನೆನ್ನೆ ಬಂದಿದ್ದ ಅಂಗಡಿಗೆ," ಎಂದೆ. "ತಲವೇರ ಊರಿನವನಂತೆ."

"ತಲವೇರದವರು ಮಣ್ಣಿನ ತಟ್ಟೆಗೆ ಬಣ್ಣ ಬಳ್ಕೊಂಡು ಸುಖವಾಗಿರೋದು ಬಿಟ್ಟು ಇಲ್ಯಾಕೆ ಬಂದ?" ಎಂದಳು. ಜರ್ಮನರು ಮುಂದೆ ಸರಿದರು, ಮಳೆಕೋಟು ತಿರುವಿನಲ್ಲಿ ಮರೆಯಾಯಿತು. ಇವಳಿಗೆ ಮನುಷ್ಯನಿಗಿಂತ ಪೊಟ್ಟಣದ ಮೇಲೆ ಕಣ್ಣು. ಅದೇ ನಮ್ಮನ್ನು ಉಳಿಸಿತು. ಎತ್ತಿನ ತಲೆಯ ಕತ್ತಿಯನ್ನು ನಾನು ಕೊಳ್ಳಲೇಬೇಕಾಯಿತು. ಅದರಲ್ಲಿ ಈಗ ಸೋಪಿನ ಪೊಟ್ಟಣ ಒಡೆಯುತ್ತೇನೆ.

ಹಿಲಾರಿಯೊ ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿ, ಮಲಗುವ ಕೋಣೆಯ ಅಲಮಾರಿನಲ್ಲಿ ಚಳಿಗಾಲದ ಕೋಟುಗಳ ಹಿಂದೆ ನಿಲ್ಲಿಸಿದ. ಬೆಳಿಗ್ಗೆ ಹೆಂಡತಿ ಅಂಗಡಿಗೆ ಹೊರಟಮೇಲೆ ಹೊರತೆಗೆದು, ಮಂಚದ ಅಂಚಿನಲ್ಲಿ ಕುಳಿತು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದನಂತೆ. ಕಾಲು ಗಂಟೆ. ಬೀಸುವುದಿಲ್ಲ, ಕನ್ನಡಿಯ ಮುಂದೆ ನಿಲ್ಲುವುದಿಲ್ಲ, ಏನೂ ಇಲ್ಲ. ಆಮೇಲೆ ಒರೆಸಿ ಒಳಗಿಟ್ಟು ಮಾರುಕಟ್ಟೆಗೆ ಹೋಗುತ್ತಿದ್ದ. ಮುಸ್ ಮಾತ್ರ ಹುಲಿಯ ಹಾಗೆ ಆಡತೊಡಗಿದ. ಎರಡು ವಾರದಲ್ಲಿ ಹೋಟೆಲಿನ ಯಜಮಾನನಿಂದಲೇ ಮೂರು ಸಲ ಊಟ ಗೆದ್ದೆವು.

"ಡಾಕ್ಟರು ಮಾತ್ರೆ ಬದಲಾಯಿಸಿದ್ರಾ ಇವನಿಗೆ?" ಎಂದು ರೆಮೆ ನನ್ನನ್ನು ಕೇಳಿದಳು. "ಪಾತ್ರೆ ತೊಳೀತಾ ಶಿಳ್ಳೆ ಹಾಕ್ತಾನೆ."

ಮೇ ತಿಂಗಳ ಮೊದಲ ಭಾನುವಾರ ಸೆಕೆ ಶುರುವಾಯಿತು. ಕೋಟುಗಳನ್ನು ಟ್ರಂಕಿಗೆ ಹಾಕೋಣವೆಂದು ರೆಮೆ ಅಲಮಾರು ತೆರೆದಳು. ಹಿಲಾರಿಯೊ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ಕಂಬಳಿ ಜಾರಿತ್ತೇನೋ, ಕೋಟಿನ ಹ್ಯಾಂಗರು ಯಾವುದಕ್ಕೋ ತಾಗಿ ಟಿಣ್ ಎಂದಿತು. ಮತ್ತೊಮ್ಮೆ ಟಿಣ್ ಎಂದಿತು. ಈ ಸಲ ಅದು ಉಗುರಿನ ಪೆಟ್ಟು.

"ಹಿಲಾರಿಯೊ," ಎಂದಳು ಕೋಣೆಯಿಂದ. "ಅಲಮಾರಲ್ಲಿ ಒಂದು ಕತ್ತಿ ಇದೆ."

"ಹೌದಾ?"

"ನಮ್ಮ ಅಂಗಡಿದಲ್ಲ. ನಮ್ಮದು ಹೀಗೆ ದನಿ ಕೊಡಲ್ಲ."

ಐದು ನಿಮಿಷಕ್ಕೆ ನನ್ನ ಮನೆಯ ಫೋನು ಬಡಿದುಕೊಂಡಿತು.

"ಫೆರ್ಮಿನ್, ಆ ತಲವೇರದವನನ್ನ ಸ್ವಲ್ಪ ಕರ್ಕೊಂಡು ಬರ್ತೀಯಾ?"

"ಅವನನ್ನ ಎಲ್ಲಿಂದ ಕರ್ಕೊಂಡು ಬರ್ಲಿ ನಾನು?"

"ಹೌದಲ್ವಾ, ಬೇಡ ಬಿಡು. ನನ್ನ ಅಡುಗೆಮನೇಲೇ ಆಲೂಗಡ್ಡೆ ಸುಲೀತಾ ಕೂತಿದಾನೆ. ನೀನೊಬ್ಬನೇ ಬಾ."

ಹೋದೆ. ಹೋಗದೆ ಇದ್ದರೆ ಅವಳೇ ಬರುತ್ತಿದ್ದಳು. ಊಟದ ಮೇಜಿನ ಹೂವಿನ ಪ್ಲಾಸ್ಟಿಕ್ಕಿನ ಮೇಲೆ, ಆಲೂಗಡ್ಡೆ ಸಿಪ್ಪೆಯ ಪಕ್ಕದಲ್ಲಿ, ಕತ್ತಿ ಮಲಗಿತ್ತು. ಹಿಲಾರಿಯೊ ಅದರ ಒಂದು ತುದಿಗೆ, ರೆಮೆ ಇನ್ನೊಂದು ತುದಿಗೆ ಕುಳಿತಿದ್ದರು. ನನಗೆ ಕುರ್ಚಿ ಕೊಡಲಿಲ್ಲ.

"ಬೇರೆ ಹೆಂಗಸನ್ನ ಇಟ್ಕೊಂಡಿದ್ರೆ ಅರ್ಥ ಮಾಡ್ಕೋತಿದ್ದೆ," ಎಂದಳು ರೆಮೆ. "ಕಾಸ್ತೊ ಅಂಗಡಿ ಕತ್ತಿ! ಬೀದಿಯವರು ಏನಂತಾರೆ? ಅಂಗಡಿಯವಳ ಗಂಡನೇ ಎದುರಂಗಡೀಲಿ ಕೊಳ್ತಾನೆ ಅಂದ್ರೆ, ನನ್ನ ಸರಕು ಏನಾಗಿದೆ ಅಂದ್ಕೋತಾರೆ? ಎಷ್ಟು ಕೊಟ್ಟೆ?"

"ಆರುನೂರ ನಲವತ್ತು."

"ಅವನು ಎಷ್ಟು ಹೇಳಿದ?"

"ಆರುನೂರ ನಲವತ್ತು."

ರೆಮೆ ಬಣ್ಣ ಬದಲಾದ ಮುಖದಿಂದ ನಿಧಾನವಾಗಿ ನನ್ನತ್ತ ತಿರುಗಿದಳು.

"ನಾನು ಕಾಲು ತುಳಿದೆ," ಎಂದೆ.

"ತುಳಿದ," ಎಂದ ಹಿಲಾರಿಯೊ. "ನಾನು ಅಡ್ಡ ಇದ್ದೆ ಅಂದ್ಕೊಂಡೆ."

"ಮೂವತ್ತೊಂದು ವರ್ಷ!" ಅವಳ ದನಿ ಮೇಲಿನ ಮಹಡಿಯ ನಾಯಿಯನ್ನು ಎಬ್ಬಿಸಿತು. "ಮೂವತ್ತೊಂದು ವರ್ಷ ನನ್ನ ಪಕ್ಕದಲ್ಲಿ ಮಲಗಿ, ಕತ್ತಿಯವನು ಹೇಳಿದ ಬೆಲೆ ಹೇಳಿದ ಹಾಗೇ ಕೊಟ್ಟು ಬಂದಿದೀಯಾ? ಪ್ರವಾಸಿಗಳೂ ಕೊಡಲ್ಲ ಕಣೋ! ಹುಟ್ಟಿದ ಮಗೂನೂ ಕೊಡಲ್ಲ! ಅವನು ರಾತ್ರಿಯೆಲ್ಲ ನಕ್ಕಿರ್ತಾನೆ!"

ಹಾಗೆ ಕೂಗುತ್ತಲೇ ಕತ್ತಿಯನ್ನು ಕೈಗೆತ್ತಿಕೊಂಡಳು. ಎಷ್ಟು ಮೋಸಹೋಗಿದ್ದಾನೆ ಎಂದು ತೋರಿಸಲು ಇರಬೇಕು. ಅಡ್ಡಪಟ್ಟಿಯಿಂದ ನಾಲ್ಕು ಬೆರಳು ಮುಂದೆ ಒಂದು ಬೆರಳಿನ ಮೇಲೆ ಇಟ್ಟಳು. ಕತ್ತಿ ತೂಗಿ ನಿಂತಿತು. ಒಂದು ಕಣ್ಣು ಮುಚ್ಚಿ ಅಲಗಿನ ಉದ್ದಕ್ಕೂ ನೋಡಿದಳು. ಮತ್ತೆ ಉಗುರಿನಿಂದ ಬಾರಿಸಿ, ದನಿ ಪೂರ್ತಿ ಅಡಗುವವರೆಗೂ ಕಿವಿಗೊಟ್ಟಳು. ಕೂಗು ನಿಂತಿತ್ತು.

"ಇದು ಅನ್ಸೆಲ್ಮೊ ಕೈಯದ್ದು," ಎಂದಳು.

ಅನ್ಸೆಲ್ಮೊ ಹೊಳೆಯಾಚೆಯ ಕಮ್ಮಾರ. ಅವಳಪ್ಪನ ಕಾಲದಲ್ಲಿ ಅಂಗಡಿಯ ಒಳ್ಳೆಯ ಕತ್ತಿಗಳೆಲ್ಲ ಅವನ ಕುಲುಮೆಯಿಂದಲೇ ಬರುತ್ತಿದ್ದವು. ಪ್ರವಾಸಿಗಳಿಗೆ ಸಿಂಹದ ಮುಖ, ಕೆಂಪು ಗಾಜು ಬೇಕಾಗಿ, ಬೋಳು ಕತ್ತಿಗಳು ವರ್ಷಗಟ್ಟಲೆ ಕೂತಮೇಲೆ ರೆಮೆ ಅವನಿಂದ ತರಿಸುವುದನ್ನು ನಿಲ್ಲಿಸಿದ್ದಳು.

"ಗೊತ್ತು," ಎಂದ ಹಿಲಾರಿಯೊ. "ಅವನ ಕುಲುಮೆಗೆ ನಾನೇ ಅಲ್ವಾ ಟಪಾಲು ಹಾಕ್ತಿದ್ದಿದ್ದು. ಇನ್ನು ಕಳಿಸಬೇಡಿ ಅಂತ ನೀನು ಬರೆದ ಕಾಗದಾನೂ ನಾನೇ ಕೊಟ್ಟು ಬಂದೆ. ಅವನು ಅಲ್ಲೇ ಒಡೆದು ಓದಿದ. ಓದಿ, ಸೆಕೆ ಇದೆ, ನೀರು ಕುಡೀತೀಯಾ ಅಂತ ಕೇಳಿದ."

ರೆಮೆ ಕತ್ತಿಯನ್ನು ಮೇಜಿನ ಮೇಲಿಟ್ಟಳು. ಎದ್ದು ಹೋಗಿ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. ನಾನು ಹೊರಡೋಣವೆಂದು ಬಾಗಿಲ ಕಡೆ ಹೆಜ್ಜೆ ಹಾಕಿದೆ.

"ಎಲ್ಲಿಗೆ? ಕೂತ್ಕೋ. ಮೊಟ್ಟೆ ಎಷ್ಟು ಹಾಕ್ಲಿ ನಿಂಗೆ?" ಎಂದಳು, ತಿರುಗದೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಹತ್ತು ನಿಮಿಷಕ್ಕೆ ರೆಮೆ ಬೀದಿ ದಾಟಿದಳು. ನಾನು ಗಿರಾಕಿಯೊಬ್ಬನನ್ನು ಅರ್ಧ ಮುಖದ ನೊರೆಯಲ್ಲೇ ಬಿಟ್ಟು ಓಡಿದೆ. ಮಿಠಾಯಿಯಂಗಡಿಯವರೂ ಹೊರಗೆ ಬಂದು ನಿಂತಿದ್ದರು. ಅವಳು ಕವಚದ ಯೋಧನನ್ನು ಸುತ್ತಿ ಒಳಗೆ ಹೋಗಿ, ಕಾಸ್ತೊನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಗೋಡೆ ಕೊಕ್ಕೆ ಎಲ್ಲಿ?"

ಹತ್ತೊಂಬತ್ತು ವರ್ಷದ ಮೇಲೆ ಬಂದ ಮಾತು ಇದು. ಕಾಸ್ತೊ ಬೇರೆ ಏನನ್ನೋ ನಿರೀಕ್ಷಿಸಿ ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದ. ತಬ್ಬಿಬ್ಬಾದ.

"ಏನು ಕೊಕ್ಕೆ?"

"ಆರುನೂರ ನಲವತ್ತು ಎಣಿಸ್ಕೊಂಡು, ಗೋಡೆಗೆ ಹಾಕೋ ಕೊಕ್ಕೇನೂ ಕೊಡದೆ ಕಳಿಸಿದೀಯಲ್ಲಾ ನನ್ನ ಗಂಡನ್ನ! ಆ ಬೆಲೆಗೆ ಕೊಕ್ಕೆ ಸೇರಿರುತ್ತೆ. ನಮ್ಮಪ್ಪನ ಕಾಲದಿಂದ ಈ ಬೀದಿ ಪದ್ಧತಿ ಅದು. ನಿಮ್ಮಪ್ಪ ಇದ್ದಿದ್ರೆ ನಾಚ್ಕೋತಿದ್ದ."

ಕಾಸ್ತೊ ಕೆಳಗಿನ ಖಾನೆಯಿಂದ ಒಂದು ಕೊಕ್ಕೆ ತೆಗೆದ. ರೆಮೆ ಅದನ್ನು ಎರಡು ಬೆರಳಲ್ಲಿ ಬಗ್ಗಿಸಿದಳು. ಅದು ಬಗ್ಗಿತು.

"ಅನ್ಸೆಲ್ಮೊ ಕತ್ತಿ ಇದರ ಮೇಲೆ ಕೂರುತ್ತಾ? ನಿಜ ಹೇಳು."

ಕಾಸ್ತೊ ಬೀದಿಯಲ್ಲಿ ನಿಂತ ನಮ್ಮನ್ನೆಲ್ಲ ನೋಡಿದ. ದನಿ ತಗ್ಗಿಸಿ ಹೇಳಿದ: "ನನ್ನ ಹತ್ರ ಗಟ್ಟಿದಿಲ್ಲ. ಎರಕದ ಕೊಕ್ಕೆ ಈ ಬೀದೀಲಿ ನಿನ್ನ ಹತ್ರ ಮಾತ್ರ ಇರೋದು."

"ಕೇಳಿಸಲಿಲ್ಲ."

"ನಿನ್ನ ಹತ್ರ ಮಾತ್ರ ಇರೋದು ಅಂದೆ!"

ಆಮೇಲೆ ಕಾಸ್ತೊ ಬೀದಿ ದಾಟಿ ಬಂದು, ರೆಮೆಯ ಅಂಗಡಿಯಲ್ಲಿ ಸಾಲಿನಲ್ಲಿ ನಿಂತು, ಅವಳು ಹೇಳಿದ ಬೆಲೆಗೆ ಒಂದು ಜೊತೆ ಎರಕದ ಕೊಕ್ಕೆ ಕೊಂಡು, ಹಿಲಾರಿಯೊನ ಕೈಗೆ ಕೊಟ್ಟ. ರೆಮೆ ಅವನಿಗೆ ರಸೀದಿಯನ್ನೂ ಹರಿದುಕೊಟ್ಟಳು. ಈಗ ಅವರಿಬ್ಬರೂ ದಿನಾ ಮಾತಾಡುತ್ತಾರೆ. ಬಹುಪಾಲು ಬೈಗುಳವೇ ಆದರೂ ಮಾತು ಮಾತೇ.

ಕತ್ತಿ ನೇತು ಹಾಕಲು ಒಂದು ಇಡೀ ಸಂಜೆ ಹಿಡಿಯಿತು. ಅವರ ಮನೆಯ ಗೋಡೆಗಳು ಮುನ್ನೂರು ವರ್ಷದ ಹಳೆಯವು. ಹಜಾರದಲ್ಲಿ ಮೊಳೆಗೆ ತೂತು ಕೊರೆದರೆ ಊಟದ ತಟ್ಟೆಯಷ್ಟು ಗಾರೆ ಕಳಚಿ ಹಿಲಾರಿಯೊನ ತಲೆಯ ಮೇಲೆ ಬಿತ್ತು. ಮಲಗುವ ಕೋಣೆಯಲ್ಲಿ ಕೊರೆದರೆ ಪಕ್ಕದ ಮನೆಯ ಮುದುಕಿ ಆಚೆಯಿಂದ "ಯಾರದು?" ಎಂದಳು. ಇಟ್ಟಿಗೆಯ ಹೊಸ ಗೋಡೆ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಹಾಗಾಗಿ ಅದು ಫ್ರಿಜ್ಜಿನ ಮೇಲೆ, ಗ್ಯಾಸಿನವರು ಕೊಟ್ಟ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುತ್ತಿದೆ. ಅದೇ ಒಳ್ಳೆಯದಾಯಿತು ಎನ್ನುತ್ತಾನೆ ಹಿಲಾರಿಯೊ. ಪಾತ್ರೆ ತೊಳೆಯುವಾಗ ಕಾಣುತ್ತದಂತೆ.

ಜೂನಿನಲ್ಲಿ ರೆಮೆ ಒಂದು ಪೆಟ್ಟಿಗೆ ಮಿಠಾಯಿ ಹಿಡಿದು ಸೇತುವೆ ದಾಟಿ ಅನ್ಸೆಲ್ಮೊನ ಕುಲುಮೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ನಮಗ್ಯಾರಿಗೂ ಹೇಳಲಿಲ್ಲ. ಎರಡು ಬೋಳು ಕತ್ತಿಗಳನ್ನು ತಂದು ಅಂಗಡಿಯ ಕಿಟಕಿಯಲ್ಲಿ ಇಟ್ಟಳು. ಮುಂದಿನ ಭಾನುವಾರ ಮುದುಕನನ್ನು ಊಟಕ್ಕೆ ಕರೆದಳು. ನನ್ನನ್ನೂ ಕರೆದಳು.

ಅನ್ಸೆಲ್ಮೊಗೆ ಎಂಬತ್ತಮೂರು. ಸುತ್ತಿಗೆಯ ಸದ್ದಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕೌಜುಗದ ಸಾರು ಎರಡು ತಟ್ಟೆ ಉಂಡ, ಬ್ರೆಡ್ಡಿನಿಂದ ತಟ್ಟೆ ಒರೆಸಿದ, ದ್ರಾಕ್ಷಾರಸ ಚೆನ್ನಾಗಿದೆ ಎಂದ. ಫ್ರಿಜ್ಜಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಿಲಾರಿಯೊ ಕುರ್ಚಿಯ ತುದಿಯಲ್ಲಿ ಕುಳಿತು ಕಾದ. ಕಾಫಿಯೂ ಮುಗಿಯಿತು. ಮುದುಕ ಎದ್ದು, ಟೋಪಿ ಹಾಕಿಕೊಂಡು, ಆಮೇಲೆ ಗೋಡೆಯ ಬಳಿ ಹೋಗಿ ಮೂಗು ತಾಗುವಷ್ಟು ಹತ್ತಿರ ನಿಂತ.

"ಅಡ್ಡಪಟ್ಟಿ ಎಡಗಡೆ ಇಳಿದಿದೆ," ಎಂದ.

"ಎಲ್ಲಿ?" ಎಂದೆವು ಮೂವರೂ.

"ಅಕ್ಕಿಕಾಳಿನ ಅರ್ಧದಷ್ಟು. ಆ ವರ್ಷ ಭುಜ ನೋವಿತ್ತು ನಂಗೆ. ಕೊಡಿ, ತಗೊಂಡು ಹೋಗಿ ಸರಿ ಮಾಡ್ಕೊಂಡು ಬರ್ತೀನಿ."

"ಇಲ್ಲ," ಎಂದ ಹಿಲಾರಿಯೊ.

"ಏನಂದ?"

"ಕೊಡಲ್ಲ ಅಂದ!" ಎಂದು ರೆಮೆ ಅವನ ಅರ್ಧ ಕಿವಿಗೆ ಕೂಗಿದಳು.

"ಯಾಕೆ ಕೊಡಲ್ಲ? ದುಡ್ಡು ಕೇಳಲಿಲ್ಲವಲ್ಲ ನಾನು. ಸೊಟ್ಟ ಇರೋದನ್ನ ನೋಡಿದವರು ನನ್ನ ಬಗ್ಗೆ ಏನು ತಿಳ್ಕೋತಾರೆ?"

"ಈ ಅಡುಗೆಮನೆಗೆ ಯಾರು ಬರ್ತಾರೆ ತಾತಾ ನೋಡೋಕೆ?" ಎಂದಳು ರೆಮೆ. " ಈ ಫೆರ್ಮಿನ್ ಬರ್ತಾನೆ. ಇವನ ಕಟಿಂಗು ನೋಡಿದೀಯಲ್ಲ, ಇವನಿಗೆ ಸೊಟ್ಟ ಯಾವುದು ನೆಟ್ಟಗೆ ಯಾವುದು ಅಂತ ಗೊತ್ತಾಗುತ್ತಾ?"

ಮುದುಕ ನನ್ನ ತಲೆಯನ್ನೂ ಹಿಲಾರಿಯೊನ ತಲೆಯನ್ನೂ ಬಾರಿಬಾರಿಗೂ ನೋಡಿ, ಆ ಮಾತು ಒಪ್ಪಿದ. ಆದರೆ ಕತ್ತಿಯ ಮಾತು ಬಿಡಲಿಲ್ಲ. ಮೆಟ್ಟಿಲಿಳಿಯುವವರೆಗೂ ಗೊಣಗುತ್ತಲೇ ಇದ್ದ. ಎರಡು ವಾರ ಬಿಟ್ಟು ತಾನೇ ಫೋನು ಮಾಡಿ, ಭಾನುವಾರ ಏನು ಅಡುಗೆ ಎಂದು ಕೇಳಿದ. ಈಗ ವಾರ ಬಿಟ್ಟು ವಾರ ಬರುತ್ತಾನೆ, ಬಗಲಲ್ಲಿ ಒಂದು ಬಟ್ಟೆಚೀಲ. ಚೀಲದಲ್ಲಿ ಸಣ್ಣ ಸುತ್ತಿಗೆ, ಅರ, ಒಂದು ತುಂಡು ಕಬ್ಬಿಣ. ರೆಮೆ ಬಾಗಿಲಲ್ಲೇ ಚೀಲ ಇಸಿದುಕೊಂಡು ಉಗ್ರಾಣದ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾಳೆ, ಹೊರಡುವಾಗ ಕೊಡುತ್ತಾಳೆ.

ಹೋದ ಭಾನುವಾರ ಅವರಿಬ್ಬರೂ ಅವನನ್ನು ಕೆಳಗೆ ಬಿಟ್ಟುಬರಲು ಇಳಿದಾಗ ನಾನು ಕುರ್ಚಿ ಹತ್ತಿ ಹತ್ತಿರದಿಂದ ನೋಡಿದೆ. ನನ್ನ ಕಣ್ಣಿಗೆ ಅಡ್ಡಪಟ್ಟಿ ನೆಟ್ಟಗೇ ಇತ್ತು. ಹಿಲಾರಿಯೊ ಮೇಲೆ ಬಂದು ಕುರ್ಚಿ ಹಿಡಿದುಕೊಂಡ.

"ಎಡಗಡೆ ಇಳಿದಿರೋದು ನಿಜ," ಎಂದ ಮೆಲ್ಲಗೆ. "ಮೊದಲನೇ ದಿನವೇ ನೋಡಿದ್ದೆ. ಅವನಿಗೆ ಹೇಳ್ಬೇಡ."